ಎಂಜಿನ್ 436 ಅಂದರೆ ಯಾವ ಊರಿನ ಗಾಡಿ? ಫೇರ್‌ಫ್ಯಾಕ್ಸ್ ಕೌಂಟಿ ಫೈರ್ ಗಾಡಿಗಳ ಹೆಸರು, ನಂಬರ್ ಬಗ್ಗೆ ಗೊತ್ತಿದ್ದವರು ಹೇಳಿ

ಹೇಮಾವತಿ ದಡದವಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ವರ್ಜೀನಿಯಾದ ಹರ್ನ್‌ಡನ್ ಹತ್ತಿರ. ಫೇರ್‌ಫ್ಯಾಕ್ಸ್ ಕೌಂಟಿಯ ಅಂಚು. ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ. ಸ್ವಲ್ಪ ಮುಂದೆ ಹೋದರೆ ಲೌಡನ್ ಕೌಂಟಿ ಶುರು.

ಹೋದ ತಿಂಗಳು ರಾತ್ರಿ ಊಟ ಆದಮೇಲೆ ನಮ್ಮ ಮಾವನವರಿಗೆ ಎದೆ ಹಿಡಿದುಕೊಂಡಿತು. ಹಾಸನದಿಂದ ಬಂದು ಮೂರು ವಾರ ಆಗಿತ್ತು ಅಷ್ಟೆ. 911ಗೆ ಫೋನ್ ಮಾಡಿದೆವು. ಮೊದಲು ಬಂದದ್ದು ಆಂಬುಲೆನ್ಸ್ ಅಲ್ಲ, ದೊಡ್ಡ ಕೆಂಪು ಫೈರ್ ಎಂಜಿನ್. ಪಕ್ಕದಲ್ಲಿ 436 ಅಂತ ಬರೆದಿತ್ತು. ನಾಲ್ಕು ಜನ ಒಳಗೆ ಬಂದರು. ಒಬ್ಬಾಕೆ ಅಡುಗೆಮನೆ ನೆಲದ ಮೇಲೆ ಮಂಡಿಯೂರಿ ಮಾವನವರ ಅಂಗಿ ಗುಂಡಿ ಬಿಚ್ಚಿ, ಎದೆಗೆ ಇಸಿಜಿ ಸ್ಟಿಕ್ಕರ್ ಅಂಟಿಸತೊಡಗಿದರು. ಜನಿವಾರ ಅಡ್ಡ ಬಂತು. ಅದನ್ನು ಎಳೆಯಲಿಲ್ಲ, ಕತ್ತರಿಸಲೂ ಇಲ್ಲ. ಎರಡು ಬೆರಳಿನಲ್ಲಿ ಎತ್ತಿ ಮೆಲ್ಲಗೆ ಹೆಗಲ ಕಡೆ ಸರಿಸಿದರು. ನನಗೆ ಅದು ಈಗಲೂ ಕಣ್ಣ ಮುಂದೆ ಇದೆ.

ಐದಾರು ನಿಮಿಷದ ಮೇಲೆ ಆಂಬುಲೆನ್ಸ್ ಬಂತು. ಅದರ ನಂಬರ್ ಶುರುವಾಗುವುದು 6ರಿಂದ. ಮೇಲೆ 'ಮೆಡಿಕ್' ಅಂತ ಇತ್ತು. ಮಾವನವರಿಗೆ ಸ್ಟೆಂಟ್ ಹಾಕಿದ್ದಾರೆ, ಈಗ ಆರಾಮಾಗಿದ್ದಾರೆ, ದಿನಾ ವಾಕಿಂಗ್ ಹೋಗುತ್ತಾರೆ.

ಈಗ ಪ್ರಶ್ನೆ ಕೇಳುತ್ತಿರುವುದೂ ಅವರೇ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಗಾಡಿ ಮೇಲೆ ನಂಬರ್ ಇದ್ದರೆ ಅದಕ್ಕೊಂದು ಅರ್ಥ ಇರಲೇಬೇಕು ಅನ್ನುತ್ತಾರೆ. 436 ಅಂದರೆ ಕೌಂಟಿಯಲ್ಲಿ ಅಷ್ಟು ಫೈರ್ ಎಂಜಿನ್ ಇವೆಯಾ? ಎದೆ ನೋವಿಗೆ ಫೈರ್ ಎಂಜಿನ್ ಯಾಕೆ? ಆಂಬುಲೆನ್ಸ್‌ಗೆ 4 ಬಿಟ್ಟು 6 ಯಾಕೆ? ಗೊತ್ತಿದ್ದವರು ಬಿಡಿಸಿ ಹೇಳಿ. ಅವರಿಗೆ ಓದಿ ಹೇಳಬೇಕು.

ಲೌಡನ್ ವಾಲಂಟಿಯರ್

ಅಕ್ಕ, ಮಾವನವರು ಆರಾಮಾಗಿದ್ದಾರೆ ಅಂತ ಕೇಳಿ ಸಮಾಧಾನ ಆಯಿತು. ನಾನು ಲೌಡನ್ ಕೌಂಟಿಯಲ್ಲಿ ಆರು ವರ್ಷದಿಂದ ವಾಲಂಟಿಯರ್ ಫೈರ್‌ಫೈಟರ್. ಹಗಲು ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಒಂದು ರಾತ್ರಿ ಠಾಣೆಯಲ್ಲಿ. ಈ ವಿಷಯ ಅಂದರೆ ನನಗೆ ಪ್ರಾಣ, ಸ್ವಲ್ಪ ಉದ್ದ ಬರೆಯುತ್ತೇನೆ.

ಮಾವನವರು ಕೆಎಸ್‌ಆರ್‌ಟಿಸಿಯವರು ಅಂದ ಮೇಲೆ ಸುಲಭ ಆಯಿತು. ಕೆಎ-13 ಎಫ್ ಅಂತ ಕಂಡ ಕೂಡಲೇ ಅವರು ಹಾಸನದ ನೋಂದಣಿ, ಸಾರಿಗೆ ಸಂಸ್ಥೆಯ ಬಸ್ಸು ಅನ್ನುತ್ತಾರೆ ಅಲ್ವಾ? ಇಲ್ಲಿಯೂ ಹಾಗೆಯೇ. 436ರಲ್ಲಿ ಮೊದಲ 4 ಅಂದರೆ ಫೇರ್‌ಫ್ಯಾಕ್ಸ್ ಕೌಂಟಿ. ಉಳಿದ 36 ಅಂದರೆ ಆ ಕೌಂಟಿಯ 36ನೇ ಠಾಣೆ. ಮುಂದಿರುವ 'ಎಂಜಿನ್' ಅನ್ನುವ ಪದ ಯಾವ ಬಗೆಯ ಗಾಡಿ ಅಂತ ಹೇಳುತ್ತದೆ. ಕೌಂಟಿಯಲ್ಲಿ 436 ಎಂಜಿನ್ ಇಲ್ಲ, ಠಾಣೆಗಳೇ 40ರ ಹತ್ತಿರ. ನಿಮ್ಮ ಮನೆಗೆ ಬಂದ 36ನೇ ಠಾಣೆಯ ಹೆಸರು ಫ್ರೈಯಿಂಗ್ ಪ್ಯಾನ್. ಬೆಂಕಿ ಆರಿಸುವವರ ಠಾಣೆಗೆ ಬಾಣಲೆ ಹೆಸರು! ಆ ಜಾಗದ ಹಳೇ ಹೆಸರೇ ಅದು, ಅಲ್ಲೇ ಅದೇ ಹೆಸರಿನ ಫಾರ್ಮ್ ಪಾರ್ಕ್ ಕೂಡ ಇದೆ. ಹರ್ನ್‌ಡನ್ ಊರೊಳಗಿನದು 4ನೇ ಠಾಣೆ, ಅದರ ಗಾಡಿ ಎಂಜಿನ್ 404.

ಉತ್ತರ ವರ್ಜೀನಿಯಾ ಪೂರ್ತಿ ಇದೇ ಲೆಕ್ಕ. 100ರ ಸಾಲು ಅರ್ಲಿಂಗ್ಟನ್. 200 ಅಲೆಗ್ಸಾಂಡ್ರಿಯ. 300 ವಿಮಾನ ನಿಲ್ದಾಣದವರು, ಅಂದರೆ ಡಲೆಸ್ (Dulles) ಮತ್ತು ರೇಗನ್. 400 ಫೇರ್‌ಫ್ಯಾಕ್ಸ್, 500 ಪ್ರಿನ್ಸ್ ವಿಲಿಯಂ, 600 ನಮ್ಮ ಲೌಡನ್. ನಿಮ್ಮ ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೆಡಿಕ್ ಗಾಡಿ ಲೌಡನ್‌ನಿಂದ ಗಡಿ ದಾಟಿ ಬಂದದ್ದು. ನಿಮ್ಮ ಠಾಣೆಯ ಮೆಡಿಕ್ ಆಗ ಬೇರೆ ಕರೆಗೆ ಹೋಗಿತ್ತೋ ಏನೋ. ಹತ್ತಿರ ಯಾವುದಿದೆಯೋ ಅದನ್ನು ಕಳಿಸುವುದು ಇಲ್ಲಿನ ಒಪ್ಪಂದ. ಯಾವ ಕೌಂಟಿಯ ತೆರಿಗೆ ದುಡ್ಡಿನ ಗಾಡಿ ಅಂತ ಯಾರೂ ನೋಡುವುದಿಲ್ಲ.

ಹೀಗೆ ಗಡಿ ದಾಟಿ ಹೋಗುತ್ತೇವೆ ಅನ್ನುವ ಕಾರಣಕ್ಕೇ ನೂರರ ಲೆಕ್ಕ ಬೇಕಾಗುತ್ತದೆ. ಪ್ರತಿ ಕೌಂಟಿಯೂ ತನ್ನ ಠಾಣೆಗಳಿಗೆ 1ರಿಂದ ನಂಬರ್ ಕೊಟ್ಟುಕೊಂಡು ಬಂದಿದೆ. 4ನೇ ಠಾಣೆ ಎಲ್ಲರಲ್ಲೂ ಇದೆ. ಬರೀ 'ಎಂಜಿನ್ 4' ಅಂದರೆ ಯಾರು? ಅರ್ಲಿಂಗ್ಟನ್‌ನದೋ, ಹರ್ನ್‌ಡನ್ನಿನದೋ? ಹೊಗೆ ತುಂಬಿದ ಮನೆಯೊಳಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ರೇಡಿಯೋದಲ್ಲಿ ಮಾತಾಡುವಾಗ ಈ ಗೊಂದಲಕ್ಕೆ ಜಾಗವೇ ಇರಬಾರದು. 104 ಅಂದರೆ ಅರ್ಲಿಂಗ್ಟನ್, 204 ಅಂದರೆ ಅಲೆಗ್ಸಾಂಡ್ರಿಯ, 404 ಅಂದರೆ ಹರ್ನ್‌ಡನ್. ಮುಗಿಯಿತು.

ಎದೆ ನೋವಿಗೆ ಫೈರ್ ಎಂಜಿನ್ ಯಾಕೆ ಅನ್ನುವುದಕ್ಕೆ ಉತ್ತರ ಸರಳ. ಫೇರ್‌ಫ್ಯಾಕ್ಸ್‌ನಲ್ಲಿ ಎಂಜಿನ್ ಮೇಲೂ ಪ್ಯಾರಾಮೆಡಿಕ್, ಅಂದರೆ ಸ್ಥಳದಲ್ಲೇ ತುರ್ತು ಚಿಕಿತ್ಸೆ ಕೊಡಲು ತರಬೇತಿ ಪಡೆದವರು, ಇರುತ್ತಾರೆ. ಇಸಿಜಿ ಯಂತ್ರ, ಔಷಧಿ ಎಲ್ಲಾ ಆ ಗಾಡಿಯಲ್ಲೇ ಇರುತ್ತವೆ. ಮಂಡಿಯೂರಿದ ಆಕೆ ಪ್ಯಾರಾಮೆಡಿಕ್ ಇರಬೇಕು.

ರಾಕ್‌ವಿಲ್ ರಾಗಿಮುದ್ದೆ

ಚೆನ್ನಾಗಿ ಹೇಳಿದಿರಿ. ಪೊಟೊಮ್ಯಾಕ್ ಹೊಳೆ ಆಚೆ ನಮ್ಮ ಮೇರಿಲ್ಯಾಂಡ್ ಕಡೆಯೂ ಇದೇ ಸಾಲು ಮುಂದುವರಿಯುತ್ತದೆ. ಮಾಂಟ್ಗೊಮರಿ ಕೌಂಟಿ 700, ಪ್ರಿನ್ಸ್ ಜಾರ್ಜಸ್ ಕೌಂಟಿ 800. ವಾಷಿಂಗ್ಟನ್ ಡಿಸಿಗೆ ಮಾತ್ರ ಮುಂದೆ ಏನೂ ಇಲ್ಲ, ಬರೀ 'ಎಂಜಿನ್ 4'. ಅಂದರೆ ಮೂರಂಕಿ ಇಲ್ಲದಿದ್ದರೆ ಅದು ಡಿಸಿ ಗಾಡಿ.

ಇನ್ನೊಂದು ವಿಷಯ. ನಮ್ಮಲ್ಲಿ ಒಂದೇ ಠಾಣೆಯಲ್ಲಿ ಎರಡು ಎಂಜಿನ್ ಇದ್ದರೆ ಎರಡನೆಯದಕ್ಕೆ 'ಬಿ' ಸೇರಿಸುತ್ತಾರೆ. 701 ಮತ್ತು 701ಬಿ. ಪ್ಯಾರಾಮೆಡಿಕ್ ಇರುವ ಎಂಜಿನ್‌ಗೆ 'ಪ್ಯಾರಾಮೆಡಿಕ್ ಎಂಜಿನ್' ಅಂತಲೇ ಹೆಸರು. ಹೆಸರು ಕೇಳಿದ ಕೂಡಲೇ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುತ್ತದೆ. ನನಗೆ ಇದು ಬಹಳ ಇಷ್ಟ.

ಆದರೆ ಪದಗಳ ವಿಷಯಕ್ಕೆ ಬಂದರೆ ತಲೆ ಕೆಡುತ್ತದೆ. ಕಾರು ನಜ್ಜುಗುಜ್ಜಾದಾಗ ಕತ್ತರಿಸಿ ಜನರನ್ನು ಹೊರಗೆ ತೆಗೆಯುವ ಭಾರಿ ಗಾಡಿಗೆ ಫೇರ್‌ಫ್ಯಾಕ್ಸ್‌ನಲ್ಲಿ 'ರೆಸ್ಕ್ಯೂ' ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ 'ರೆಸ್ಕ್ಯೂ ಸ್ಕ್ವಾಡ್'. ಮಾತಿನಲ್ಲಿ ಬರೀ 'ಸ್ಕ್ವಾಡ್'.

ಡೈಮಂಡ್ ಬಾರ್ ಕನ್ನಡಿಗ

ನಮ್ಮ ಲಾಸ್ ಏಂಜಲೀಸ್ ಕೌಂಟಿಯಲ್ಲಿ 'ಸ್ಕ್ವಾಡ್' ಅಂದರೆ ಪೂರ್ತಿ ಬೇರೆ ಸರ್! ಇಲ್ಲಿ ಸ್ಕ್ವಾಡ್ ಅಂದರೆ ಇಬ್ಬರು ಪ್ಯಾರಾಮೆಡಿಕ್ ಕೂತು ಬರುವ ಪಿಕಪ್ ಥರದ ಗಾಡಿ. ಅದರಲ್ಲಿ ರೋಗಿಯನ್ನು ಮಲಗಿಸಿಕೊಂಡು ಹೋಗುವುದಕ್ಕೆ ಆಗುವುದಿಲ್ಲ. ಚಿಕಿತ್ಸೆ ಶುರು ಮಾಡುತ್ತಾರೆ, ಸಾಗಿಸುವುದಕ್ಕೆ ಬೇರೆ ಆಂಬುಲೆನ್ಸ್ ಬರುತ್ತದೆ. ಪಕ್ಕದ ಲಾಸ್ ಏಂಜಲೀಸ್ ಸಿಟಿಯವರು ಆಂಬುಲೆನ್ಸ್‌ಗೇ 'ರೆಸ್ಕ್ಯೂ' ಅನ್ನುತ್ತಾರೆ. ಅಂದರೆ ನಿಮ್ಮ ಕಡೆಯವರು ಇಲ್ಲಿ ಬಂದು 'ರೆಸ್ಕ್ಯೂ ಕಳಿಸಿ' ಅಂದರೆ ಕಬ್ಬಿಣ ಕತ್ತರಿಸುವ ಗಾಡಿ ಬದಲು ಸ್ಟ್ರೆಚರ್ ಬರಬಹುದು.

ಇಲ್ಲಿನ ಪ್ಯಾರಾಮೆಡಿಕ್ ಸ್ಕ್ವಾಡ್ ಶುರುವಾದದ್ದು 1969ರ ಕೊನೆಯಲ್ಲಿ. ಆಸ್ಪತ್ರೆ ಹೊರಗೆ ಅವರು ಚಿಕಿತ್ಸೆ ಕೊಡಬಹುದು ಅನ್ನುವ ಕಾನೂನಿಗೆ 1970ರಲ್ಲಿ ಆಗಿನ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ದೇಶದ ಉಳಿದ ಭಾಗಕ್ಕೆ ಈ ಕಲ್ಪನೆಯನ್ನು ಮನೆಮನೆಗೆ ಮುಟ್ಟಿಸಿದ್ದು 1972ರಲ್ಲಿ ಶುರುವಾದ 'ಎಮರ್ಜೆನ್ಸಿ!' ಅನ್ನುವ ಟಿವಿ ಧಾರಾವಾಹಿ. ಅದರಲ್ಲಿ ಬರುವುದು ಸ್ಕ್ವಾಡ್ 51, ಎಂಜಿನ್ 51. ಚಿತ್ರೀಕರಣ ಆದದ್ದು ಕಾರ್ಸನ್ ಊರಿನ ನಿಜವಾದ 127ನೇ ಠಾಣೆಯಲ್ಲಿ. ಆಮೇಲೆ ಆ ಧಾರಾವಾಹಿಯ ಗೌರವಕ್ಕೆ ಕೌಂಟಿಯವರು ಯೂನಿವರ್ಸಲ್ ಸಿಟಿಯಲ್ಲಿರುವ ಠಾಣೆಗೆ 51 ಅಂತಲೇ ನಂಬರ್ ಕೊಟ್ಟರು.

ಆದರೆ ನಿಮ್ಮ ಕಡೆ ಇರುವ ನೂರರ ಲೆಕ್ಕ ಇಲ್ಲಿ ಸಿಟಿಗೂ ಕೌಂಟಿಗೂ ಮಧ್ಯೆ ಇಲ್ಲ. ಸಿಟಿಯವರ 51ನೇ ಠಾಣೆ ಎಲ್‌ಎಎಕ್ಸ್ ವಿಮಾನ ನಿಲ್ದಾಣದಲ್ಲಿದೆ, ಕೌಂಟಿಯ 51 ಯೂನಿವರ್ಸಲ್ ಸಿಟಿಯಲ್ಲಿದೆ. ಇಬ್ಬರೂ ಒಂದೇ ಬೆಂಕಿಗೆ ಹೋದರೆ? ಅದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಮೂರಕ್ಷರದ ಗುರುತು ಇದೆ. ಕೌಂಟಿ 'ಎಲ್‌ಎಸಿ', ಸಿಟಿ 'ಎಲ್‌ಎಫ್‌ಡಿ', ಆರೆಂಜ್ ಕೌಂಟಿ 'ಒಆರ್‌ಸಿ'. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿ ಬಂದಾಗ ಬೇರೆ ರಾಜ್ಯಗಳಿಂದೆಲ್ಲಾ ಗಾಡಿಗಳು ಬಂದವು. ನಾನು ಫ್ರೀವೇ ಪಕ್ಕ ನಿಂತು ನೋಡಿದ್ದೇನೆ. ಐದು ಎಂಜಿನ್, ಮುಂದೆ ಒಬ್ಬ ನಾಯಕನ ಪಿಕಪ್, ಸಾಲಾಗಿ ಹೋಗುತ್ತಿದ್ದವು. ಒಂದೇ ಬಗೆಯ ಐದು ಎಂಜಿನ್‌ಗೆ ಒಬ್ಬ ನಾಯಕ ಸೇರಿದರೆ ಅದಕ್ಕೆ 'ಸ್ಟ್ರೈಕ್ ಟೀಮ್' ಅಂತ ಹೆಸರು. ಒಂದೊಂದರ ಬಾಗಿಲ ಮೇಲೂ ಒಂದೊಂದು ಊರಿನ ಹೆಸರು. ಕಣ್ಣು ತುಂಬಿ ಬಂತು.

ಸಾಗರದ ಮಗ

ನಾನು ಅಮೆರಿಕದಲ್ಲಿಲ್ಲ, ಸಾಗರದಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪ ಅಗ್ನಿಶಾಮಕ ಠಾಣೆಯಲ್ಲಿ ಡ್ರೈವರ್ ಆಗಿ ನಿವೃತ್ತಿ ಆದವರು. ಈ ಚರ್ಚೆಯನ್ನು ಅವರಿಗೂ ಓದಿ ಹೇಳಿದೆ. ಅವರದೊಂದು ಸಂಶಯ.

ನಮ್ಮಲ್ಲಿ ಬೆಂಕಿ ಆರಿಸುವ ಮುಖ್ಯ ಗಾಡಿಗೆ ಇಲಾಖೆಯವರು 'ವಾಟರ್ ಟೆಂಡರ್' ಅನ್ನುತ್ತಾರೆ. ಜನ ಫೈರ್ ಎಂಜಿನ್ ಅನ್ನಬಹುದು, ಆದರೆ ಠಾಣೆಯ ರಿಜಿಸ್ಟರ್‌ನಲ್ಲಿ ವಾಟರ್ ಟೆಂಡರ್ ಅಂತಲೇ ಬರೆಯುವುದು. ಸಾಮಾನ್ಯವಾಗಿ 4,500 ಲೀಟರ್ ನೀರು. ಅದಕ್ಕಿಂತ ದೊಡ್ಡದಿದ್ದರೆ 'ವಾಟರ್ ಬೌಸರ್'. ಅಪ್ಪ ಕೇಳುವುದು ಇಷ್ಟು: ಅಮೆರಿಕದ ಎಂಜಿನ್ ಮತ್ತು ನಮ್ಮ ವಾಟರ್ ಟೆಂಡರ್ ಒಂದೇನಾ? 'ಟ್ರಕ್' ಅಂತ ಬೇರೆ ಇದೆಯಂತೆ, ಅದರಲ್ಲಿ ನೀರೇ ಇರುವುದಿಲ್ಲವಂತೆ. ನೀರಿಲ್ಲದ ಫೈರ್ ಗಾಡಿ ತೆಗೆದುಕೊಂಡು ಏನು ಮಾಡುತ್ತಾರೆ?

ಲೌಡನ್ ವಾಲಂಟಿಯರ್

ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಾರೆ.

ಕೆಲಸದಲ್ಲಿ ನಿಮ್ಮ ವಾಟರ್ ಟೆಂಡರ್, ನಮ್ಮ ಎಂಜಿನ್ ಹೆಚ್ಚುಕಮ್ಮಿ ಒಂದೇ. ಪಂಪ್, ಹೋಸ್, ಸ್ವಲ್ಪ ನೀರು. ಆದರೆ ನಮ್ಮ ಎಂಜಿನ್‌ನಲ್ಲಿ ನೀರು ಕಮ್ಮಿ. ಹೆಚ್ಚಾಗಿ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್. ಒಂದು ಹೋಸ್‌ನಲ್ಲಿ ನಿಮಿಷಕ್ಕೆ 150 ಗ್ಯಾಲನ್ ಬಿಟ್ಟರೆ ಮೂರೂವರೆ ನಿಮಿಷ ಕೂಡ ಬರುವುದಿಲ್ಲ. ಅಷ್ಟರೊಳಗೆ ರಸ್ತೆ ಬದಿಯ ದೊಡ್ಡ ನೀರಿನ ನಲ್ಲಿಗೆ, ಅಂದರೆ ಹೈಡ್ರಂಟ್‌ಗೆ, ಪೈಪ್ ಜೋಡಿಸಬೇಕು. ಮೊದಲ ಎಂಜಿನ್ ಬೆಂಕಿಗೆ, ಎರಡನೆಯದು ನೀರಿನ ವ್ಯವಸ್ಥೆಗೆ, ಹೀಗೆ ಬರುವ ಸರದಿಯಲ್ಲೇ ಕೆಲಸ ಹಂಚಿ ಇಟ್ಟಿರುತ್ತಾರೆ.

'ಎಂಜಿನ್' ಅನ್ನುವ ಪದ ಮೋಟಾರ್ ಎಂಜಿನ್‌ನಿಂದ ಬಂದದ್ದಲ್ಲ. ಕುದುರೆ ಎಳೆಯುತ್ತಿದ್ದ ಕಾಲದಲ್ಲೇ, ಅದಕ್ಕೂ ಮುಂಚೆ ಕೈಯಲ್ಲಿ ಒತ್ತುವ ಪಂಪ್ ಇದ್ದಾಗಲೇ, ಆ ಪಂಪ್ ಯಂತ್ರಕ್ಕೆ ಎಂಜಿನ್ ಅನ್ನುತ್ತಿದ್ದರು. ಏಣಿ ಸಾಗಿಸುವುದಕ್ಕೆ ಬೇರೆ ಗಾಡಿ ಇತ್ತು. ಅದು ಟ್ರಕ್ ಆಯಿತು. ಹೀಗೆ ಕೆಲಸವೂ ಎರಡಾಗಿ ಒಡೆಯಿತು. ಎಂಜಿನ್ ಜನ ನೀರು ಹೊಡೆಯುತ್ತಾರೆ. ಟ್ರಕ್ ಜನ ಬಾಗಿಲು ಒಡೆಯುತ್ತಾರೆ, ಒಳಗೆ ಸಿಕ್ಕಿಕೊಂಡವರನ್ನು ಹುಡುಕುತ್ತಾರೆ, ಚಾವಣಿ ಕತ್ತರಿಸಿ ಹೊಗೆ ಹೊರಗೆ ಬಿಡುತ್ತಾರೆ, ಏಣಿ ಹಾಕುತ್ತಾರೆ. ಬೆಂಕಿ ಬಿದ್ದ ಮನೆಯಲ್ಲಿ ಇದೂ ನೀರಿನಷ್ಟೇ ಮುಖ್ಯ. ನ್ಯೂಯಾರ್ಕ್‌ನಲ್ಲಿ ಟ್ರಕ್‌ಗೆ 'ಲ್ಯಾಡರ್' ಅನ್ನುತ್ತಾರೆ. ಏಣಿಯ ತುದಿಗೆ ನಿಲ್ಲುವ ಬುಟ್ಟಿ ಇದ್ದರೆ ನಮ್ಮ ಕಡೆ 'ಟವರ್'. ಪಂಪ್, ನೀರಿನ ಟ್ಯಾಂಕ್, ಹೋಸ್, ಯಂತ್ರದ ಏಣಿ, ಕೈ ಏಣಿ ಐದೂ ಒಂದೇ ಗಾಡಿಯಲ್ಲಿ ಇದ್ದರೆ 'ಕ್ವಿಂಟ್'. ಐದು ಅನ್ನುವ ಅರ್ಥದಿಂದಲೇ ಬಂದ ಹೆಸರು.

ಅಪ್ಪನವರು ಡ್ರೈವರ್ ಆಗಿದ್ದವರು ಅಂದ ಮೇಲೆ ಒಂದು ಹೇಳಲೇಬೇಕು. ಕೆಲವು ಟ್ರಕ್‌ಗಳಿಗೆ ಇಬ್ಬರು ಡ್ರೈವರ್. 'ಟಿಲ್ಲರ್' ಅನ್ನುತ್ತಾರೆ. ಮುಂದೆ ಒಬ್ಬ, ಉದ್ದ ಏಣಿಯ ಹಿಂಭಾಗದ ಮೇಲೆ ಸಣ್ಣ ಗೂಡಿನಲ್ಲಿ ಇನ್ನೊಬ್ಬ. ಹಿಂದಿನ ಚಕ್ರ ತಿರುಗಿಸುವುದು ಅವನ ಕೆಲಸ. ತರಬೇತಿಯಲ್ಲಿ ನಾನೂ ಒಮ್ಮೆ ಆ ಗೂಡಿನಲ್ಲಿ ಕೂತಿದ್ದೇನೆ. ಮುಂದಿನವರು ಎಡಕ್ಕೆ ತಿರುಗಿಸಿದಾಗ ನಾನು ಮೊದಲು ಬಲಕ್ಕೆ ತಿರುಗಿಸಬೇಕು. ಮೈಯೆಲ್ಲಾ ಬೇಡ ಅನ್ನುತ್ತಿರುತ್ತದೆ, ಕೈ ಮಾತ್ರ ಮಾಡಬೇಕು. ಮೊದಲ ಮೂಲೆ ದಾಟುವಷ್ಟರಲ್ಲಿ ಗ್ಲೌಸ್ ಒಳಗೆ ಅಂಗೈ ಒದ್ದೆಯಾಗಿತ್ತು.

ಈಗ 'ಟೆಂಡರ್' ವಿಷಯ. ಇದು ನಿಜಕ್ಕೂ ಅಪಾಯದ ಪದ. ಅಮೆರಿಕದಲ್ಲಿ ಟೆಂಡರ್ ಅಂದರೆ ಬರೀ ನೀರು ಸಾಗಿಸುವ ದೊಡ್ಡ ಗಾಡಿ, ನಿಮ್ಮ ಬೌಸರ್ ಥರ. ಆದರೆ ಅದು ಪಶ್ಚಿಮದ ರಾಜ್ಯಗಳ ಮಾತು. ಪೂರ್ವದಲ್ಲಿ ನಾವು ಅದಕ್ಕೇ 'ಟ್ಯಾಂಕರ್' ಅನ್ನುತ್ತೇವೆ. ಫೇರ್‌ಫ್ಯಾಕ್ಸ್‌ನ ಗ್ರೇಟ್ ಫಾಲ್ಸ್‌ನಲ್ಲಿ ದೊಡ್ಡ ದೊಡ್ಡ ಮನೆಗಳಿವೆ, ಆದರೆ ಬಹಳ ಕಡೆ ಹೈಡ್ರಂಟ್ ಇಲ್ಲ. ಅಲ್ಲಿನ 12ನೇ ಠಾಣೆಯಲ್ಲಿ ಟ್ಯಾಂಕರ್ 412 ಅದಕ್ಕೇ ಇರುವುದು. ಟ್ಯಾಂಕರ್ ಬಂದು ರಸ್ತೆಯಲ್ಲಿ ಮಡಚುವ ತೊಟ್ಟಿ ಬಿಡಿಸಿ ಅದರೊಳಗೆ ನೀರು ಸುರಿದು ಮತ್ತೆ ತುಂಬಿಸಿಕೊಳ್ಳಲು ಓಡುತ್ತದೆ. ಎಂಜಿನ್ ಆ ತೊಟ್ಟಿಯಿಂದ ಎಳೆದುಕೊಳ್ಳುತ್ತದೆ. ಮದುವೆ ಮನೆಯಲ್ಲಿ ಟ್ಯಾಂಕರ್ ನೀರು ತರಿಸಿ ತೊಟ್ಟಿ ತುಂಬಿಸುತ್ತೇವಲ್ಲ, ಹಾಗೇ.

ಪಶ್ಚಿಮದಲ್ಲಿ 'ಟ್ಯಾಂಕರ್' ಅಂದರೆ ವಿಮಾನ! ಕಾಡ್ಗಿಚ್ಚಿನ ಮೇಲೆ ಮೇಲಿಂದ ಸುರಿಯುವುದು. ನಮ್ಮವರು ಕ್ಯಾಲಿಫೋರ್ನಿಯಾಗೆ ಹೋಗಿ 'ಎರಡು ಟ್ಯಾಂಕರ್ ಬೇಕು' ಅಂದರೆ ಆಕಾಶ ನೋಡಬೇಕಾಗುತ್ತದೆ. ಅದಕ್ಕೆ ಬೇರೆ ರಾಜ್ಯಕ್ಕೆ ಹೋಗುವಾಗ ಎಲ್ಲರೂ ಒಂದೇ ಪಟ್ಟಿಯ ಪದ ಬಳಸಬೇಕು ಅಂತ ಮಾಡಿದ್ದಾರೆ. ಆ ಪಟ್ಟಿಯಲ್ಲಿ ನೆಲದ ಮೇಲಿನದು 'ವಾಟರ್ ಟೆಂಡರ್', ಆಕಾಶದ್ದು 'ಏರ್ ಟ್ಯಾಂಕರ್'.

ಸಾಗರದ ಮಗ

ಅಪ್ಪ ಪೂರ್ತಿ ಕೇಳಿದರು. ಹಿಂದೆ ಕೂತವನ ಕೆಲಸ ಮುಂದಿನವನಿಗಿಂತ ಕಷ್ಟ ಅಂದರು. ಮಲೆನಾಡಿನ ತಿರುವಿನಲ್ಲಿ ಅಂಥ ಗಾಡಿ ತಿರುಗುತ್ತದಾ ಅಂತ ಯೋಚನೆ ಮಾಡುತ್ತಾ ಕೂತಿದ್ದಾರೆ.

ರಾಕ್‌ವಿಲ್ ರಾಗಿಮುದ್ದೆ

ಹಾಗಾದರೆ ದೇಶಕ್ಕೆಲ್ಲಾ ಒಂದೇ ಹೆಸರು ಯಾಕೆ ಇಡಬಾರದು? ಅದೇ ನನ್ನ ಪ್ರಶ್ನೆ. ಪಟ್ಟಿ ಇದೆ ಅಂತೀರಿ, ದಿನದ ಕೆಲಸದಲ್ಲಿ ಯಾರೂ ಬಳಸುವುದಿಲ್ಲ. ಪದ ತಪ್ಪಿದರೆ ಜೀವ ಹೋಗಬಹುದು ಅಂತ ಗೊತ್ತಿದ್ದೂ 'ನಮ್ಮೂರಲ್ಲಿ ಹೀಗೇ' ಅಂದುಕೊಂಡು ಕೂರುವುದು ನನಗೆ ಸರಿ ಅನ್ನಿಸುವುದಿಲ್ಲ.

ಸ್ಕ್ಯಾನರ್ ಕಿವಿ

ನಾನು ಅರ್ಲಿಂಗ್ಟನ್ನಿನವನು. ಇಪ್ಪತ್ತು ವರ್ಷದಿಂದ ಫೈರ್ ರೇಡಿಯೋ ಕೇಳುವ ಅಭ್ಯಾಸ. ಈ ಭಾಗದಲ್ಲಿ ಒಟ್ಟಿಗೆ ಕೆಲಸ ಮಾಡುವ ಬುದ್ಧಿ ಸುಮ್ನೆ ಬರಲಿಲ್ಲ.

1982ರ ಜನವರಿ 13. ಹಿಮ ಬೀಳುತ್ತಿತ್ತು. ಈಗಿನ ರೇಗನ್ ನಿಲ್ದಾಣದಿಂದ ಹಾರಿದ ಏರ್ ಫ್ಲೋರಿಡಾ ವಿಮಾನ 14ನೇ ಸ್ಟ್ರೀಟ್ ಸೇತುವೆಗೆ ಬಡಿದು ಹೆಪ್ಪುಗಟ್ಟಿದ ಪೊಟೊಮ್ಯಾಕ್ ಹೊಳೆಗೆ ಬಿತ್ತು. 78 ಜನ ಸತ್ತರು. ಅರ್ಧ ಗಂಟೆಯೊಳಗೆ ಡಿಸಿಯಲ್ಲಿ ಮೆಟ್ರೋ ರೈಲು ಹಳಿ ತಪ್ಪಿತು, ಅಲ್ಲಿ 3 ಜನ ಹೋದರು. ಹೊಳೆಯ ಒಂದು ದಡ ವರ್ಜೀನಿಯಾ, ಇನ್ನೊಂದು ದಡ ಡಿಸಿ. ಎರಡೂ ಕಡೆಯಿಂದ ಗಾಡಿ ಬಂದವು, ಆದರೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಆ ದಿನದ ನೋವು ಈ ಪ್ರದೇಶದ ಕೌಂಟಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿತು.

2001ರ ಸೆಪ್ಟೆಂಬರ್ 11ರಂದು ಪೆಂಟಗನ್‌ನಲ್ಲಿ ಇದರ ಫಲ ಕಂಡಿತು. ಉಗ್ರರ ವಿಮಾನ ಬಡಿದ ಆ ರಕ್ಷಣಾ ಇಲಾಖೆಯ ಕಚೇರಿ ಇರುವುದು ಅರ್ಲಿಂಗ್ಟನ್ ಕೌಂಟಿಯಲ್ಲಿ. ಅಲ್ಲಿನ ಮುಂದಾಳತ್ವ ಸೈನ್ಯದ್ದಲ್ಲ, ಅರ್ಲಿಂಗ್ಟನ್ ಕೌಂಟಿ ಫೈರ್ ಡಿಪಾರ್ಟ್‌ಮೆಂಟಿನದು. 200, 300, 400ರ ಸಾಲಿನವರೆಲ್ಲಾ ಬಂದು ಅವರ ಮಾತಿನಂತೆ ಕೆಲಸ ಮಾಡಿದರು. ದಿನಾ ಒಟ್ಟಿಗೆ ಸಣ್ಣ ಬೆಂಕಿಗೆ ಹೋಗಿ ಅಭ್ಯಾಸ ಇದ್ದವರಿಗೆ ಆ ದೊಡ್ಡ ದಿನವೂ ಒಬ್ಬರಿಗೊಬ್ಬರು ಹೊಸಬರಾಗಿರಲಿಲ್ಲ.

ರಾಗಿಮುದ್ದೆಯವರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಒಂದು ಗುಂಪಿನ ಜನ ಐವತ್ತು ವರ್ಷದಿಂದ 'ಸ್ಕ್ವಾಡ್' ಅಂದುಕೊಂಡು ಬಂದಿರುತ್ತಾರೆ. ನಡುರಾತ್ರಿ ನಿದ್ದೆಯಿಂದ ಎದ್ದವನ ಬಾಯಿಗೆ ಬರುವುದು ಆ ಪದವೇ. ಹೊಸ ಪದ ಹೇರಿದರೆ ಆತುರದಲ್ಲಿ ಹಳೆಯದು ನುಗ್ಗುತ್ತದೆ. ನಂಬರ್ ಬದಲಾಯಿಸುವುದು ಸುಲಭ, ಪದ ಬದಲಾಯಿಸುವುದು ಕಷ್ಟ.

ಲೌಡನ್ ವಾಲಂಟಿಯರ್

ನನ್ನ ಅಭಿಪ್ರಾಯ ಇಷ್ಟು: ಗಡಿಯಲ್ಲಿ ಒಟ್ಟಿಗೆ ಕೆಲಸ ಮಾಡುವವರು ಪದವನ್ನೂ ಒಂದೇ ಮಾಡಿಕೊಳ್ಳಬೇಕು. ಕಷ್ಟ ಆದರೂ ಮಾಡಬೇಕು. ವರ್ಜೀನಿಯಾದವರೂ ಮೇರಿಲ್ಯಾಂಡಿನವರೂ ಸೇತುವೆ ಮೇಲೆ ವಾರಕ್ಕೆ ಎಷ್ಟೋ ಸಲ ಭೇಟಿಯಾಗುತ್ತಾರೆ. ಅಲ್ಲಿ 'ರೆಸ್ಕ್ಯೂ', 'ಸ್ಕ್ವಾಡ್' ಎರಡು ಯಾಕೆ? ಲಾಸ್ ಏಂಜಲೀಸ್‌ನವರ ಸ್ಕ್ವಾಡ್ ಅವರಿಗಿರಲಿ, ಅವರು ನಮ್ಮ ರಸ್ತೆಗೆ ಬರುವುದಿಲ್ಲ.

ಒಂದೇ ತಂಡಕ್ಕೆ ಎರಡು ಹೆಸರು ಇಟ್ಟುಕೊಂಡೂ ಚೆನ್ನಾಗಿ ನಡೆಯುವ ಉದಾಹರಣೆ ಫೇರ್‌ಫ್ಯಾಕ್ಸ್‌ನಲ್ಲೇ ಇದೆ. ಕಟ್ಟಡ ಕುಸಿದಾಗ ಹುಡುಕುವ ಅವರ ತಂಡದ ಹೆಸರು ದೇಶದೊಳಗೆ 'ವರ್ಜೀನಿಯಾ ಟಾಸ್ಕ್ ಫೋರ್ಸ್ 1'. ಇಂಥವು ದೇಶದಲ್ಲಿ 28 ಇವೆ, ರಾಜ್ಯದ ಹೆಸರು ಹೇಳಿದರೆ ಗೊತ್ತಾಗುತ್ತದೆ. ಅದೇ ತಂಡ ವಿದೇಶಕ್ಕೆ ಹೋದರೆ 'ಯುಎಸ್‌ಎ-1'. ನೇಪಾಳದಲ್ಲಿ ನಿಂತವರಿಗೆ ವರ್ಜೀನಿಯಾ ಅಂದರೆ ಏನು ತಿಳಿಯಬೇಕು? ಲಾಸ್ ಏಂಜಲೀಸ್ ಕೌಂಟಿಯ ತಂಡ ಒಳಗೆ 'ಕ್ಯಾಲಿಫೋರ್ನಿಯಾ ಟಾಸ್ಕ್ ಫೋರ್ಸ್ 2', ಹೊರಗೆ 'ಯುಎಸ್‌ಎ-2'. 2015ರ ನೇಪಾಳ ಭೂಕಂಪಕ್ಕೆ ಈ ಎರಡೂ ಹೋಗಿದ್ದವು. ಯಾರು ಕೇಳಿಸಿಕೊಳ್ಳುತ್ತಾರೋ ಅವರಿಗೆ ತಿಳಿಯುವ ಹೆಸರು ಇಡಬೇಕು. ನನಗೆ ಬೇಕಾದದ್ದು ಅದು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. 'ಎಂಜಿನ್ 436' ಅನ್ನುವುದು ಆ ಕಬ್ಬಿಣದ ಗಾಡಿಯ ಹೆಸರಲ್ಲ. ಅದರಲ್ಲಿ ಕೂತ ಜನ, ಅವರ ಠಾಣೆ, ಅವರ ಕೆಲಸ, ಇದರ ಹೆಸರು. ಗಾಡಿ ರಿಪೇರಿಗೆ ಹೋದರೆ ಹಳೇ ರಿಸರ್ವ್ ಗಾಡಿ ಬರುತ್ತದೆ. ಅದಕ್ಕೂ 436 ಅಂತಲೇ ಬೋರ್ಡ್ ಹಾಕುತ್ತಾರೆ. ರಿಪೇರಿ ಲೆಕ್ಕಕ್ಕೆ ಗಾಡಿಗೆ ಬೇರೆ ಶಾಪ್ ನಂಬರ್ ಇರುತ್ತದೆ. ಮಾವನವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಬಸ್ಸು ಕೆಟ್ಟರೆ ಸ್ಪೇರ್ ಬಸ್ಸಿಗೆ ಅದೇ ಬೋರ್ಡ್ ಹಾಕಿ ಅದೇ ಶೆಡ್ಯೂಲ್ ಓಡಿಸುವುದಿಲ್ವಾ?

ಹಾಗೇ ಠಾಣೆಯಲ್ಲಿ ಗಾಡಿ ನಿಂತಿದೆ ಅಂದ ಮಾತ್ರಕ್ಕೆ ಅದಕ್ಕೆ ಜನ ಇದ್ದಾರೆ ಅಂತಲ್ಲ. ಕೆಲವು ಕಡೆ ಒಂದೇ ತಂಡಕ್ಕೆ ಎರಡು ಗಾಡಿ. ಟ್ಯಾಂಕರ್ ಬೇಕು ಅಂದಾಗ ಎಂಜಿನ್ ಬಿಟ್ಟು ಅದರ ಜನ ಟ್ಯಾಂಕರ್ ಹತ್ತುತ್ತಾರೆ.

ಕುಂದಾಪ್ರದ ಅಮ್ಮ

ನಾನು ಚಾಂಟಿಲಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ 15ನೇ ಠಾಣೆ, ಗಾಡಿ ಮೇಲೆ 415 ಅಂತ ಈಗ ಅರ್ಥ ಆಯಿತು ಮಗಾ. ಫೇರ್‌ಫ್ಯಾಕ್ಸ್ ಪಟ್ಟಿಯಲ್ಲಿ 3ನೇ ಠಾಣೆ ಇಲ್ಲ ಅಂತ ಮೊಮ್ಮಗ ಹೇಳುತ್ತಾನೆ. ಅವನಿಗೆ ಏಳು ವರ್ಷ, ಎಲ್ಲಾ ಠಾಣೆ ಬಾಯಿಪಾಠ. ಯಾಕೆ ಇಲ್ಲ?

ಲೌಡನ್ ವಾಲಂಟಿಯರ್

ಅಮ್ಮಾ, ಮೊಮ್ಮಗ ಜಾಣ. 3 ಮತ್ತು 33 ಫೇರ್‌ಫ್ಯಾಕ್ಸ್ ಸಿಟಿಯವರದು. ವರ್ಜೀನಿಯಾದಲ್ಲಿ ಸಿಟಿ ಅಂದರೆ ಕೌಂಟಿಯ ಒಳಗಲ್ಲ, ಬೇರೆಯದೇ ಆಡಳಿತ. ಆದರೂ ನಂಬರ್ ಮಾತ್ರ ಕೌಂಟಿ ಸಾಲಿನಲ್ಲೇ, ಎಂಜಿನ್ 403, 433. ಅಕ್ಟೋಬರ್‌ನಲ್ಲಿ ಠಾಣೆಗಳಲ್ಲಿ ಓಪನ್ ಹೌಸ್ ಇರುತ್ತದೆ, ಅವನನ್ನು ಖಂಡಿತ ಕರೆದುಕೊಂಡು ಹೋಗಿ. ಗಾಡಿ ಹತ್ತಿಸುತ್ತಾರೆ.

ಹೇಮಾವತಿ ದಡದವಳು

ಎಲ್ಲರಿಗೂ ಕೈ ಮುಗಿದು ಧನ್ಯವಾದ. ನಿನ್ನೆ ರಾತ್ರಿ ಎಲ್ಲಾ ಓದಿ ಹೇಳಿದೆ. ಸ್ಪೇರ್ ಬಸ್ಸಿನ ಮಾತು ಬಂದಾಗ ಮಾವನವರು ಎದ್ದು ಕೂತು 'ಅದೇ ನಾನು ಹೇಳಿದ್ದು' ಅಂದರು. ಈಗ ಬೆಳಿಗ್ಗೆ ವಾಕಿಂಗ್‌ನಲ್ಲಿ ಸೈರನ್ ಕೇಳಿದರೆ ನಿಲ್ಲುತ್ತಾರೆ. ಮೊದಲ ಅಂಕಿ ನೋಡುತ್ತಾರೆ. 4 ಬಂದರೆ ಏನೂ ಹೇಳುವುದಿಲ್ಲ. 6 ಬಂದರೆ ಕೈ ಎತ್ತುತ್ತಾರೆ.

36ನೇ ಠಾಣೆಗೆ ಹೋಗಿ ಥ್ಯಾಂಕ್ಸ್ ಹೇಳಬೇಕು ಅಂತಿದ್ದಾರೆ. ಹೋಗಬಹುದಾ? ಮೈಸೂರು ಪಾಕ್ ಮಾಡಿಕೊಂಡು ಹೋದರೆ ತಗೋತಾರಾ?

ಲೌಡನ್ ವಾಲಂಟಿಯರ್

ಧಾರಾಳವಾಗಿ ಹೋಗಿ. ಗಂಟೆ ಹೊಡೆದು ಹೆಸರು ಹೇಳಿ, ಯಾವ ರಾತ್ರಿ ಅಂತ ತಾರೀಕು ಹೇಳಿ. ಆ ದಿನ ಇದ್ದ ಶಿಫ್ಟ್ ಯಾವುದು ಅಂತ ಅವರೇ ನೋಡಿ, ಮತ್ತೆ ಯಾವಾಗ ಬರುತ್ತಾರೆ ಅಂತ ಹೇಳುತ್ತಾರೆ. ತಿಂಡಿ ವಿಷಯ ಒಂದೊಂದು ಕಡೆ ಒಂದೊಂದು ರೀತಿ, ಮೊದಲೇ ಕೇಳಿಬಿಡಿ. ನಾವು ಕರೆದುಕೊಂಡು ಹೋದವರು ಆಮೇಲೆ ಏನಾದರು ಅಂತ ನಮಗೆ ಹೆಚ್ಚಿನ ಸಲ ಗೊತ್ತೇ ಆಗುವುದಿಲ್ಲ ಅಕ್ಕ. ಮಾವನವರು ನಡೆದುಕೊಂಡು ಬಾಗಿಲಿಗೆ ಬಂದರೆ ಅವರಿಗೆ ಎಷ್ಟು ಖುಷಿ ಆಗುತ್ತದೆ ಅಂತ ನಾನು ಬಲ್ಲೆ.

ಒಂದು ಕೋರಿಕೆ. ನಮ್ಮ ಗಾಡಿ ನಂಬರ್ ನಿಮಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನಿಮ್ಮ ಮನೆ ನಂಬರ್ ರಾತ್ರಿ ರಸ್ತೆಯಿಂದ ಕಾಣುತ್ತದಾ ನೋಡಿ. ಅಂಕಿ ಕನಿಷ್ಠ 4 ಇಂಚು ಎತ್ತರ ಇರಬೇಕು, ಗೋಡೆ ಬಣ್ಣಕ್ಕಿಂತ ಎದ್ದು ಕಾಣಬೇಕು. ನಾನೇ ಎಷ್ಟು ರಾತ್ರಿ ಟಾರ್ಚ್ ಹಿಡಿದು ಬಾಗಿಲು ಬಾಗಿಲು ನೋಡುತ್ತಾ ಹೋಗಿದ್ದೇನೋ.

ಹೇಮಾವತಿ ದಡದವಳು

ಈಗ ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿ ಬಂದೆ. ಮಲ್ಲಿಗೆ ಬಳ್ಳಿ ಹಬ್ಬಿ ಕೊನೆಯ ಎರಡು ಅಂಕಿ ಮುಚ್ಚಿಹೋಗಿವೆ. ಆ ರಾತ್ರಿ ನಮ್ಮ ಯಜಮಾನರು ರಸ್ತೆಗೆ ಓಡಿ ಫೋನ್ ಲೈಟ್ ಬೀಸಿದ್ದರಿಂದ ಅವರಿಗೆ ಗೊತ್ತಾಯಿತು ಅಷ್ಟೆ. ಕತ್ತರಿ ತಂದಿದ್ದೇನೆ. ಹೊಸ ಅಂಕಿ ಶನಿವಾರ ತರುತ್ತೇವೆ.